‘ನಿಧಿ’ ಎಂಬ ಎರಡಕ್ಷರ ತಂದ ತೊಡಕು: ಗದುಗಿನಲ್ಲಿ ಕುಟುಂಬಗಳ ಹುಡುಕಾಟದ ಆಟ ನಡೆಸಿದ ಅನುಭವ

ಕಳೆದ ಡಿಸೆಂಬರ್ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಗದುಗಿನ ನಮ್ಮ ಬಡಾವಣೆಯ ಉದ್ಯಾನದಲ್ಲಿಯೂ ಅದಕ್ಕೆ ಹೊಂದಿಕೊಂಡ ಶಾಲೆಯ ಮೈದಾನದಲ್ಲಿಯೂ 27 ಕುಟುಂಬಗಳ 46 ಮಕ್ಕಳು, ಅವರ ತಂದೆತಾಯಿಗಳು ಮತ್ತು ಅಜ್ಜ ಅಜ್ಜಿಯರು ಸೇರಿ ಒಂದು ಹುಡುಕಾಟದ ಆಟವನ್ನು ಆಡಿದರು. ಆಟ ನಡೆದದ್ದು ಎರಡೂವರೆ ತಾಸು. ಅದರ ತಯಾರಿಗೆ ಹಿಡಿದದ್ದು ನಾಲ್ಕು ತಿಂಗಳು. ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವ ನನಗೆ ಇಂಥ ಕೆಲಸದ ರೂಢಿ ಇರಲಿಲ್ಲ. ಆದ್ದರಿಂದ ಎಲ್ಲಿ ಎಡವಿದೆ, ಯಾವ ಕಾಗದಕ್ಕಾಗಿ ಎಷ್ಟು ಸಲ ಅಲೆದೆ, ಎಷ್ಟು ಖರ್ಚಾಯಿತು ಎಂಬುದನ್ನು ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಆಟದಲ್ಲಿ ಎರಡು ಬಗೆಗಳಿವೆ. ಒಂದರಲ್ಲಿ ಒಂದು ಸುಳಿವು ಇನ್ನೊಂದು ಸುಳಿವಿನ ಕಡೆಗೆ ಕರೆದೊಯ್ಯುತ್ತದೆ, ಕೊನೆಗೆ ಬಚ್ಚಿಟ್ಟ ಬಹುಮಾನ ಸಿಗುತ್ತದೆ. ಇನ್ನೊಂದರಲ್ಲಿ ಎಲ್ಲರ ಕೈಗೂ ಒಂದೇ ಪಟ್ಟಿ ಕೊಡುತ್ತಾರೆ. ಅದರಲ್ಲಿ ಬರೆದ ವಸ್ತುಗಳನ್ನು ಹುಡುಕಿ ತರಬೇಕು, ಇಲ್ಲವೇ ನೋಡಿ ಗುರುತು ಹಾಕಬೇಕು. ನಾನು ಮೊದಲು ಆರಿಸಿಕೊಂಡದ್ದು ಮೊದಲನೆಯ ಬಗೆಯನ್ನು, ಅದೂ ಲಕ್ಕುಂಡಿಯಲ್ಲಿ.

ಲಕ್ಕುಂಡಿ ನಮ್ಮೂರಿನಿಂದ ಹನ್ನೆರಡು ಕಿಲೋಮೀಟರಿನಷ್ಟು ದೂರ. ‘ನೂರೊಂದು ಗುಡಿ, ನೂರೊಂದು ಬಾವಿ’ ಎಂಬ ಮಾತನ್ನು ಕೇಳುತ್ತ ಬೆಳೆದವರಿಗೆ ಸುಳಿವುಗಳನ್ನು ಹೊಸೆಯಲು ಅದಕ್ಕಿಂತ ಒಳ್ಳೆಯ ಊರು ತೋಚುವುದಿಲ್ಲ. ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದ ಕೆತ್ತನೆ, ಎದುರಿನ ನನ್ನೇಶ್ವರ, ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ, ಮಾಣಿಕೇಶ್ವರ ಗುಡಿಯ ಮಗ್ಗುಲಿನ ಮುಸುಕಿನ ಬಾವಿ ಇವುಗಳ ಮೇಲೆ ಹತ್ತು ಸುಳಿವುಗಳನ್ನು ಬರೆದು, ಆಗಸ್ಟ್ ತಿಂಗಳ ಒಂದು ಸಂಜೆ ಎಂಟು ವರ್ಷದ ಮಗಳನ್ನು ಕರೆದುಕೊಂಡು ನೋಡಲು ಹೋದೆ. ಬಾವಿಯ ಮೇಲಂಚಿನಲ್ಲಿ ನಿಂತು ನಾನು ನನ್ನ ಚೀಟಿ ಓದುತ್ತಿದ್ದಾಗ ಅವಳು ಕೈ ಬಿಡಿಸಿಕೊಂಡು, ಕೆಳಗಿನ ಪಾಚಿ ನೀರನ್ನು ನೋಡಲು ಸೊಂಟದವರೆಗೆ ಮುಂದಕ್ಕೆ ಬಾಗಿದ್ದಳು. ಅವಳ ಫ್ರಾಕಿನ ಬೆನ್ನಿನ ಲಾಡಿ ನನ್ನ ಕೈಗೆ ಸಿಕ್ಕಿತು. ಒಬ್ಬಳೇ ಮಗಳನ್ನು ನೋಡಿಕೊಳ್ಳಲು ಒಬ್ಬಳು ತಾಯಿ ಸಾಲದ ಜಾಗಕ್ಕೆ ನಲವತ್ತು ಮಕ್ಕಳನ್ನು ಓಡುತ್ತ ಬರಲು ಹೇಳುವುದು ಹೇಗೆ ಎಂದು ಬಸ್ಸಿನಲ್ಲಿ ಮರಳುವಾಗಲೇ ಆ ಯೋಜನೆಯನ್ನು ಕೈಬಿಟ್ಟೆ.

ಅಲ್ಲಿಯ ಸ್ಮಾರಕಗಳಲ್ಲಿ ಹಲವು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ ಎಂಬುದನ್ನೂ ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮನೆಯವರೊಂದಿಗೆ ಹೋಗಿ ನೋಡಿ ಬರುವುದು ಬೇರೆ, ಕಾರ್ಯಕ್ರಮ ಎಂದು ನಡೆಸುವುದು ಬೇರೆ. ಎರಡನೆಯದಕ್ಕೆ ಇಲಾಖೆಯ ಅನುಮತಿ ಬೇಕು. 1958ರ ಕಾಯ್ದೆಯಂತೆ ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಕಂಬಕ್ಕೆ ಟೇಪಿನಿಂದ ಚೀಟಿ ಅಂಟಿಸುವ ನನ್ನ ವಿಚಾರ ಎಷ್ಟು ಬಾಲಿಶವಾಗಿತ್ತೆಂದು ಆಮೇಲೆ ತಿಳಿಯಿತು.

ಕಪ್ಪತಗುಡ್ಡವನ್ನು ಸೂಚಿಸಿದವರಿಗೆ, ಅದು 2019ರಿಂದ ವನ್ಯಜೀವಿಧಾಮ, ಅಲ್ಲಿ ತೋಳ ಕತ್ತೆಕಿರುಬಗಳಿವೆ ಎಂದು ಹೇಳಿ ಸುಮ್ಮನಾಗಿಸಿದೆ. ಭೀಷ್ಮ ಕೆರೆಯ ದಂಡೆಯಲ್ಲಿ ವಿಶಾಲವಾದ ಜಾಗವಿದೆ, ಬಸವೇಶ್ವರರ ದೊಡ್ಡ ಪ್ರತಿಮೆಯ ಆಕರ್ಷಣೆಯೂ ಇದೆ. ಆದರೆ ನೀರಿರುವ ಜಾಗ ಬೇಡವೆಂಬ ನಿರ್ಧಾರವನ್ನು ನಾನು ಲಕ್ಕುಂಡಿಯಲ್ಲಿಯೇ ಮಾಡಿಯಾಗಿತ್ತು. ಕಡೆಗೆ ಉಳಿದದ್ದು ಮನೆಯಿಂದ ಇನ್ನೂರು ಹೆಜ್ಜೆಯ ಉದ್ಯಾನ. ಸುತ್ತ ಕಂಪೌಂಡು, ಎರಡೇ ಗೇಟು, ಒಳಗೆ ಬೇವು, ಗುಲ್‌ಮೊಹರ್, ಎರಡು ಬಾದಾಮಿ ಗಿಡ, ಒಂದು ಅರಳಿಮರ.

ಇನ್ನು ಹೆಸರಿನ ಪ್ರಸಂಗ. ನಾನು ಉತ್ಸಾಹದಿಂದ ‘ಕುಟುಂಬ ನಿಧಿ ಶೋಧ’ ಎಂದು ದಪ್ಪಕ್ಷರದಲ್ಲಿ ಪೋಸ್ಟರ್ ಮಾಡಿಸಿ ಆರು ಕಡೆ ಹಚ್ಚಿಸಿದ್ದೆ. ಅರ್ಜಿ ಕೊಡಲು ಠಾಣೆಗೆ ಹೋದಾಗ ಅದನ್ನು ಓದಿದ ಹವಾಲ್ದಾರರು ತಲೆ ಎತ್ತಿ, “ನಿಧಿ ಅಂದ್ರ ಯಾವ ನಿಧಿರಿ ಮೇಡಮ್? ಎಲ್ಲಿ ಐತಿ? ಯಾರ್ ಹೇಳ್ಯಾರ ನಿಮಗ?” ಎಂದು ಕೇಳಿದರು. ನಾನು ನಕ್ಕೆ, ಅವರು ನಗಲಿಲ್ಲ. ಹಳೆಯ ಗುಡಿಗಳ ಗರ್ಭಗುಡಿಯನ್ನು, ವೀರಗಲ್ಲುಗಳ ಬುಡವನ್ನು ರಾತ್ರೋರಾತ್ರಿ ಅಗೆಯುವ ನಿಧಿಗಳ್ಳರ ಸುದ್ದಿ ನಮ್ಮ ಭಾಗದಲ್ಲಿ ಹೊಸದಲ್ಲ. ಆ ಶಬ್ದವನ್ನು ಕಂಡೊಡನೆ ಪೊಲೀಸರಿಗೆ ಗುದ್ದಲಿ, ನಿಂಬೆಹಣ್ಣು, ಅಮಾವಾಸ್ಯೆಯ ರಾತ್ರಿ ನೆನಪಾದರೆ ಅದು ಅವರ ತಪ್ಪಲ್ಲ. ಅದೇ ಸಂಜೆ ಉದ್ಯಾನದ ಬಾದಾಮಿ ಗಿಡದ ಬುಡವನ್ನು ಇಬ್ಬರು ಹುಡುಗರು ಕೆದರುತ್ತಿದ್ದುದನ್ನು ಕಾವಲುಗಾರರು ನನಗೆ ತೋರಿಸಿದಾಗಂತೂ ನನ್ನ ನಗೆ ಪೂರ್ತಿ ಹೋಯಿತು. ಪೋಸ್ಟರ್ ಓದಿದ ಮಕ್ಕಳು ಆಟದ ದಿನದವರೆಗೆ ಕಾಯುತ್ತಾರೆಂದು ಯಾರು ಹೇಳಿದ್ದರು?

ಹಾಗಾದರೆ ಇಂಗ್ಲಿಷಿನ ‘ಸ್ಕ್ಯಾವೆಂಜರ್ ಹಂಟ್’ ಎಂಬ ಹೆಸರನ್ನೇ ಇಡೋಣವೆಂದು ಸಭೆಯಲ್ಲಿ ಹೇಳಿದೆ. ನಮ್ಮ ಓಣಿಯ, ಪೌರಕಾರ್ಮಿಕರ ಮನೆಯ ತಾಯಿಯೊಬ್ಬರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಶಬ್ದ ನಮಗ ಬ್ಯಾರೆ ಅರ್ಥ ಕೊಡತೈತ್ರಿ ಅಕ್ಕಾರ” ಎಂದರು. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 1993ರ ಮತ್ತು 2013ರ ಎರಡೂ ಕಾಯ್ದೆಗಳ ಇಂಗ್ಲಿಷ್ ಹೆಸರಿನಲ್ಲಿ ಇರುವುದು ಇದೇ ಶಬ್ದ. ಬೇರೆ ದೇಶದಲ್ಲಿ ಮಕ್ಕಳ ಆಟದ ಹೆಸರಾದದ್ದು ಇಲ್ಲಿ ಒಂದು ಮನೆಯ ಮೂರು ತಲೆಮಾರಿನ ನೋವಿನ ಹೆಸರಾಗಬಲ್ಲದು. ನನಗೆ ಅದು ತಾನಾಗಿ ಹೊಳೆಯಲಿಲ್ಲವೆಂಬ ನಾಚಿಕೆ ಇವತ್ತಿಗೂ ಇದೆ. ಆಟಕ್ಕೆ ಅವರೇ ‘ಹುಡುಕೂಣು ಬರ್ರಿ’ ಎಂಬ ಹೆಸರನ್ನು ಕೊಟ್ಟರು.

ಹೆಸರು ಬದಲಾದದ್ದರಿಂದ ಆಟವೂ ಬದಲಾಯಿತು. ಯಾವುದನ್ನೂ ಬಚ್ಚಿಡುವುದಿಲ್ಲ, ಅಗೆಯುವುದಿಲ್ಲ, ಕೀಳುವುದಿಲ್ಲ, ಬಿಲಕ್ಕೆ ಅಥವಾ ಮರದ ಪೊಟರೆಗೆ ಕೈ ಹಾಕುವ ಪ್ರಸಂಗವೇ ಬರಬಾರದು ಎಂದು ನಿಶ್ಚಯಿಸಿದೆವು. ಎಲ್ಲವೂ ಕಣ್ಣಿಗೆ ಕಾಣುವಂತೆಯೇ ಇರಬೇಕು, ಆದರೆ ದಿನವೂ ಅಲ್ಲಿ ಓಡಾಡುವವರು ನೋಡಿರಬಾರದು. ಇಂಥ ಪಟ್ಟಿ ಮಾಡುವುದು ಸುಳಿವು ಹೊಸೆಯುವುದಕ್ಕಿಂತ ಕಷ್ಟ. ಮೂರು ವಾರ ಬೇಕಾಯಿತು.

ಕಾಗದಪತ್ರಗಳ ವಿಷಯಕ್ಕೆ ಬರುತ್ತೇನೆ. ಉದ್ಯಾನ ಯಾರ ಸುಪರ್ದಿಯಲ್ಲಿದೆಯೋ ಆ ಕಚೇರಿಗೆ ಒಂದು ಅರ್ಜಿ, ಮೈದಾನಕ್ಕಾಗಿ ಶಾಲೆಯ ಮುಖ್ಯೋಪಾಧ್ಯಾಯರಿಗೆ ಒಂದು, ಮಾಹಿತಿಗಾಗಿ ಠಾಣೆಗೆ ಒಂದು. ಅರ್ಜಿಯೊಂದಿಗೆ ಕೈಯಿಂದ ಬರೆದ ನಕ್ಷೆ, ಜವಾಬ್ದಾರಿ ಹೊತ್ತ ಐವರ ಹೆಸರು ಮತ್ತು ಆಧಾರ್ ಪ್ರತಿ, ಆಸ್ತಿಗೆ ಹಾನಿ ಮಾಡುವುದಿಲ್ಲವೆಂಬ ನೋಟರಿ ಮಾಡಿಸಿದ ಮುಚ್ಚಳಿಕೆ ಪತ್ರ ಇವನ್ನು ಲಗತ್ತಿಸಬೇಕಾಯಿತು. ಶಾಲೆಯವರು ಎರಡು ದಿನದಲ್ಲಿ ಒಪ್ಪಿದರು. ಉದ್ಯಾನದ ಅರ್ಜಿ ಮಾತ್ರ ಮೂರು ವಾರ ಒಂದೇ ಮೇಜಿನ ಮೇಲಿತ್ತು. ನಾಲ್ಕನೆಯ ಭೇಟಿಯಲ್ಲಿ, ಅದರ ಮೇಲೆ ಆವಕ ಸಂಖ್ಯೆಯನ್ನೇ ಹಾಕಿಲ್ಲವೆಂದು ಗೊತ್ತಾಯಿತು. ಅರ್ಜಿ ಕೊಟ್ಟ ದಿನವೇ ಇನ್ನೊಂದು ಪ್ರತಿಯ ಮೇಲೆ ಸಂಖ್ಯೆ, ದಿನಾಂಕ, ಠಸ್ಸೆ ಹಾಕಿಸಿಕೊಳ್ಳದೆ ಬಾಗಿಲು ದಾಟಬೇಡಿ. ಧ್ವನಿವರ್ಧಕ ಬಳಸುವುದಾದರೆ 2000ದ ಶಬ್ದ ಮಾಲಿನ್ಯ ನಿಯಮಗಳಂತೆ ಅದಕ್ಕೆ ಪ್ರತ್ಯೇಕ ಅನುಮತಿ ಪಡೆಯಬೇಕು. ನಾವು ಸೀಟಿಯೇ ಸಾಕೆಂದು ಅದನ್ನು ಬಿಟ್ಟೆವು.

ದಸರಾ ರಜೆಯಲ್ಲಿಯೇ ಆಟ ನಡೆಯಬೇಕಿತ್ತು. ಹಿಂದಿನ ರಾತ್ರಿ ಒಂದೂವರೆ ತಾಸು ಮಳೆ ಸುರಿಯಿತು. ನಮ್ಮದು ಎರಿ ನೆಲ, ಅಂದರೆ ಅಂಟುವ ಕಪ್ಪು ಮಣ್ಣು. ಬೆಳಿಗ್ಗೆ ಆರಕ್ಕೆ ಮೈದಾನದೊಳಗೆ ಹತ್ತು ಹೆಜ್ಜೆ ಇಡುವಷ್ಟರಲ್ಲಿ ನನ್ನ ಚಪ್ಪಲಿಗೆ ಅಂಟಿದ ಮಣ್ಣು ಎರಡು ಸೇರು ತೂಗುವಂತಾಗಿ, ಬಲಗಾಲಿನ ಚಪ್ಪಲಿಯ ಉಂಗುಷ್ಠ (ಹೆಬ್ಬೆರಳು ತೂರಿಸುವ ಪಟ್ಟಿ) ಕಿತ್ತುಹೋಯಿತು. ಬರಿಗಾಲಿನಲ್ಲಿ ನಿಂತು ಎಲ್ಲ ಮನೆಗಳಿಗೂ ಫೋನು ಮಾಡಿ ಆಟ ಮುಂದಕ್ಕೆ ಹೋಯಿತೆಂದು ಹೇಳಿದಾಗ ಅಳು ಬಂದಂತಾಗಿತ್ತು. ಆಮೇಲೆ ದೀಪಾವಳಿ, ಮದುವೆಗಳು, ಸುಗ್ಗಿ. ಡಿಸೆಂಬರಿನಲ್ಲಿ ದಿನ ಗೊತ್ತು ಮಾಡುವವರು ಎಳ್ಳಮಾವಾಸ್ಯೆ ಎಂದು ಬರುತ್ತದೆಂಬುದನ್ನು ಪಂಚಾಂಗದಲ್ಲಿ ಮೊದಲು ನೋಡಿಕೊಳ್ಳಬೇಕು. ಚರಗ ಚೆಲ್ಲಲು, ಅಂದರೆ ಬೆಳೆಗೆ ನೈವೇದ್ಯ ಎರಚಲು, ಊರಿಗೆ ಊರೇ ಹೊಲಕ್ಕೆ ಹೋಗುವಾಗ ಉದ್ಯಾನಕ್ಕೆ ಯಾರೂ ಬರುವುದಿಲ್ಲ.

ಮುಂದೂಡಿಕೆಯಿಂದ ಒಂದು ಉಪಕಾರವಾಯಿತು: ಜಾಗವನ್ನು ಇನ್ನೂ ಎರಡು ಸಲ ನೋಡಲು ಸಮಯ ಸಿಕ್ಕಿತು. ಮೊದಲ ಸಲ ನಾವು ದೊಡ್ಡವರೇ ಹೋಗಿ ‘ಎಲ್ಲ ಸರಿ ಇದೆ’ ಎಂದು ಬಂದಿದ್ದೆವು. ಎರಡನೆಯ ಸಲ ಮಗಳನ್ನು ಮುಂದೆ ಬಿಟ್ಟು, ಅವಳ ಹಿಂದೆ ಬಗ್ಗಿಕೊಂಡು ನಡೆದೆ. ಜೋಕಾಲಿಯ ಕಂಬಕ್ಕೆ ಸುತ್ತಿದ ತಂತಿಯ ತುದಿಯೊಂದು ಹೊರಕ್ಕೆ ಚಾಚಿಕೊಂಡಿತ್ತು; ನನ್ನ ಸೊಂಟದ ಎತ್ತರಕ್ಕಿದ್ದ ಅದು ಅವಳ ಕಣ್ಣಿನ ನೇರಕ್ಕಿತ್ತು. ಮುಚ್ಚಳ ಬಿರುಕು ಬಿಟ್ಟ ಚರಂಡಿಯ ಚೇಂಬರ್, ಶಾಲೆಯ ಗೋಡೆಯಾಚೆ ನಾಯಿ ಮರಿ ಹಾಕಿದ ಮೂಲೆ, ಟಿಸಿ (ವಿದ್ಯುತ್ ಟ್ರಾನ್ಸ್‌ಫಾರ್ಮರ್) ಬೇಲಿಯ ಮುರಿದ ಬಾಗಿಲು ಇವೆಲ್ಲವೂ ಅಂದೇ ಕಂಡವು. ತಂತಿಯನ್ನು ಇಕ್ಕಳದಿಂದ ಮಡಚಿದೆವು. ಉಳಿದ ಮೂರು ಜಾಗಗಳನ್ನು ಹಗ್ಗ ಕಟ್ಟಿ ಆಟದ ಹೊರಗಿಟ್ಟೆವು. ಕಾಂಗ್ರೆಸ್ ಕಸವನ್ನು (ಪಾರ್ಥೇನಿಯಂ ಕಳೆ) ಕೈಗವಸು ಹಾಕಿಕೊಂಡು, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಕೀಳಬೇಕು. ಕೆಲವರಿಗೆ ಅದರಿಂದ ಮೈಯೆಲ್ಲ ತುರಿಕೆ ಏಳುತ್ತದೆ.

ಮೂರನೆಯ ಸಲ, ಆಟಕ್ಕೆ ಎರಡು ದಿನ ಮೊದಲು ಹೋದಾಗ ಅರಳಿಮರದ ಮೇಲಿನ ಕೊಂಬೆಯಲ್ಲಿ ಮೊರದಗಲದ ಹೆಜ್ಜೇನು ಕೂತಿತ್ತು. ಒಂದು ವಾರದ ಹಿಂದೆ ಅಲ್ಲಿ ಏನೂ ಇರಲಿಲ್ಲ. ಹೊಗೆ ಹಾಕಿ ಓಡಿಸೋಣವೆಂದು ಒಬ್ಬರು ಮುಂದೆ ಬಂದರು. ನಾನು ಕೈ ಮುಗಿದು ತಡೆದೆ. ಕೆಣಕಿದ ಹೆಜ್ಜೇನು ಆ ಮರದ ಕೆಳಗಷ್ಟೇ ನಿಲ್ಲುವುದಿಲ್ಲ. ಆ ಮೂಲೆಯನ್ನು ಪೂರ್ತಿ ಬಿಟ್ಟು, ಅಲ್ಲಿದ್ದ ಮೂರು ನಿಲ್ದಾಣಗಳನ್ನು ಶಾಲೆಯ ಮೈದಾನಕ್ಕೆ ಸಾಗಿಸಿ, ಪಟಾಕಿ, ಡೊಳ್ಳು, ಘಾಟಿನ ಸೆಂಟು ಬೇಡವೆಂದು ಎಲ್ಲರಿಗೂ ತಿಳಿಸಿ, ಆ ರಾತ್ರಿ ಹನ್ನೊಂದರವರೆಗೆ ಕಾರ್ಡುಗಳನ್ನು ತಿದ್ದಿದೆವು. ಆಟದ ದಿನ ಬೆಳಿಗ್ಗೆ ಒಮ್ಮೆ ಮರಗಳ ಮೇಲೂ ಕಣ್ಣಾಡಿಸದೆ ಆರಂಭಿಸಬೇಡಿ.

ಹೆಸರು ನೋಂದಾಯಿಸುವ ಹಾಳೆಯಲ್ಲಿ ಮಗುವಿನ ಹೆಸರು, ವಯಸ್ಸು, ಜೊತೆಗೆ ಬರುವ ದೊಡ್ಡವರ ಮೊಬೈಲ್ ಸಂಖ್ಯೆ, ಕಾಯಿಲೆ, ಒಗ್ಗದ ಪದಾರ್ಥ, ಫೋಟೋ ತೆಗೆಯಲು ಒಪ್ಪಿಗೆ ಇದೆಯೇ ಇಲ್ಲವೇ ಎಂಬುದನ್ನು ಕೇಳಿದ್ದೆವು. ‘ಇಷ್ಟೆಲ್ಲ ಯಾಕ್ರಿ, ಮಕ್ಕಳ ಆಟಕ್ಕ?’ ಎಂದು ಗೊಣಗಿದವರಿದ್ದರು. ಆದರೆ ಒಬ್ಬ ಹುಡುಗನಿಗೆ ಶೇಂಗಾ ಒಗ್ಗುವುದಿಲ್ಲವೆಂಬುದು ಆ ಹಾಳೆಯಿಂದಲೇ ತಿಳಿಯಿತು. ಬಹುಮಾನಕ್ಕೆಂದು ಮಾತಾಗಿದ್ದ ಚಿಕ್ಕಿಯನ್ನು ಬಿಟ್ಟೆವು. ಅಡುಗೆಯವರಿಗೆ ಎರಡು ಸಲ ಹೇಳಿದ್ದರೂ, ನಸುಕಿನಲ್ಲಿ ಉಪ್ಪಿಟ್ಟಿನ ಒಗ್ಗರಣೆಗೆ ರೂಢಿಯಂತೆ ಶೇಂಗಾದ ಡಬ್ಬಿಗೆ ಅವರ ಕೈ ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಒಲೆಯ ಪಕ್ಕದಲ್ಲಿ ಒಬ್ಬರು ನಿಂತಿರಲೇಬೇಕು.

ನಿಯಮಗಳನ್ನು ಕಡಿಮೆ ಇಟ್ಟುಕೊಂಡಿದ್ದೆವು. ಮಕ್ಕಳ ಪ್ರತ್ಯೇಕ ತಂಡವಿಲ್ಲ. ಪ್ರತಿ ಮಗುವೂ ತನ್ನ ಮನೆಯ ದೊಡ್ಡವರೊಬ್ಬರ ಜೊತೆಯಲ್ಲಿಯೇ ಇರಬೇಕು. ಹನ್ನೆರಡು ನಿಲ್ದಾಣಗಳು, ಪ್ರತಿಯೊಂದರಲ್ಲಿ ಇಬ್ಬರು ಸ್ವಯಂಸೇವಕರು, ಒಂದರಿಂದ ಇನ್ನೊಂದು ಕಾಣುವಷ್ಟೇ ದೂರ. ಒಂದು ನೀಳ ಸೀಟಿಗೆ ನಿಂತು ಕೇಳಬೇಕು, ಮೂರು ಗಿಡ್ಡ ಸೀಟಿಗೆ ಎಲ್ಲರೂ ಆರಂಭದ ಜಾಗಕ್ಕೆ ಮರಳಬೇಕು. ಒಂದು ಗೇಟಿಗೆ ಬೀಗ, ಇನ್ನೊಂದರಲ್ಲಿ ಇಬ್ಬರ ಕಾವಲು. ಮೊದಲು ಮುಗಿಸಿದವರಿಗೆ ಬಹುಮಾನವೆಂದರೆ ಓಟ, ನೂಕಾಟ, ಮೊಣಕಾಲಿನ ಗಾಯ ಖಚಿತ. ಅದಕ್ಕಾಗಿ ವೇಗಕ್ಕೆ ಅಂಕವೇ ಇರಲಿಲ್ಲ. ಕಾರ್ಡಿನ ಹಿಂಬದಿಗೆ 112 (ತುರ್ತು ಸಹಾಯ), 108 (ಆಂಬ್ಯುಲೆನ್ಸ್), 1098 (ಮಕ್ಕಳ ಸಹಾಯವಾಣಿ) ಈ ಮೂರು ಸಂಖ್ಯೆಗಳನ್ನು ದೊಡ್ಡದಾಗಿ ಮುದ್ರಿಸಿದ್ದೆವು.

ಆ ಬೆಳಿಗ್ಗೆ ಚಳಿ ಚೆನ್ನಾಗಿತ್ತು, ಗಾಳಿಯೂ ಇತ್ತು. ಗುಡ್ಡದ ಮೇಲೆ ಗಾಳಿಯಂತ್ರಗಳ ಸಾಲೇ ಇರುವ ಜಿಲ್ಲೆಯಲ್ಲಿ ಕಾಗದದ ಚೀಟಿ ನಿಲ್ಲುವುದಿಲ್ಲವೆಂಬುದನ್ನು ತಾಲೀಮಿನ ದಿನವೇ ಕಲಿತಿದ್ದೆವು. ಎರಡು ಚೀಟಿಗಳು ಹಾರಿ ಗಟಾರ ಸೇರಿದ್ದವು. ಈ ಸಲ ಲ್ಯಾಮಿನೇಷನ್ ಮಾಡಿದ ಫಲಕಗಳನ್ನು ಸೆಣಬಿನ ಹುರಿಯಿಂದ, ಹಿಂದಿನ ರಾತ್ರಿಯಲ್ಲ, ಬೆಳಿಗ್ಗೆ ಆರು ಗಂಟೆಗೆ ಕಟ್ಟಿದೆವು.

ಪಟ್ಟಿಯಲ್ಲಿದ್ದ ಕೆಲವನ್ನು ಹೇಳುತ್ತೇನೆ: ಪೂರ್ತಿ ಕೆಂಪಾಗಿ ತಾನಾಗಿ ಉದುರಿದ ಬಾದಾಮಿ ಎಲೆ, ಅಲುಗಾಡಿಸಿದರೆ ಗಲಗಲ ಎನ್ನುವ ಗುಲ್‌ಮೊಹರ್ ಕಾಯಿ, ಇರುವೆಯ ಸಾಲು ಎಲ್ಲಿಂದ ಹೊರಟು ಎಲ್ಲಿ ಮುಗಿಯುತ್ತದೆ, ಬೇವಿನ ಒಂದು ಕಡ್ಡಿಯಲ್ಲಿ ಎಷ್ಟು ಎಲೆ, ಶಾಲೆಯ ಗಂಟೆ ಯಾವ ಲೋಹದ್ದು. ಎಲ್ಲಕ್ಕಿಂತ ರಂಗೇರಿದ್ದು ಒಂಬತ್ತನೆಯ ನಿಲ್ದಾಣ. ಅಲ್ಲಿ ‘ರೊಟ್ಟಿ ಮಾಡುವ ಮೂರು ಸಾಮಾನುಗಳ ಹೆಸರನ್ನು ಅರವತ್ತು ದಾಟಿದವರಿಂದ ಕೇಳಿ ಬರೆಯಿರಿ’ ಎಂದಿತ್ತು. ಬೆಂಚಿನ ಮೇಲೆ ಸಾಲಾಗಿ ಕೂತಿದ್ದ ಅಜ್ಜಿಯರ ಸುತ್ತ ಮಕ್ಕಳು ಮುತ್ತಿಕೊಂಡರು. ಒಬ್ಬ ಅಜ್ಜಿ ‘ಕೊಣಮಿಗಿ’ ಎಂದದ್ದನ್ನು ಕೇಳಿಸಿಕೊಳ್ಳಲಾಗದೆ ಇಂಗ್ಲಿಷ್ ಶಾಲೆಯ ಹುಡುಗಿಯೊಬ್ಬಳು ನಾಲ್ಕು ಸಲ ಕೇಳಿದಳು. ನಾಲ್ಕನೆಯ ಸಲ ಅಜ್ಜಿ ಅವಳ ಎರಡೂ ಕೈಗಳನ್ನು ಹಿಡಿದು, ಮರದ ಕೊಣಮಿಗಿಯಲ್ಲಿ ಹಿಟ್ಟು ನಾದುವುದು ಹೇಗೆಂದು ಗಾಳಿಯಲ್ಲಿಯೇ ನಾದಿ ತೋರಿಸಿದರು. ಆ ನಿಲ್ದಾಣದಲ್ಲಿ ಇಪ್ಪತ್ತು ನಿಮಿಷ ತಡವಾಯಿತು, ಯಾರೂ ದೂರಲಿಲ್ಲ.

ಒಂಬತ್ತು ಗಂಟೆಗೆ ಮೂರು ಸೀಟಿ ಊದಿ ತಲೆ ಎಣಿಸಿದಾಗ 45 ಬಂತು. ಮತ್ತೆ ಎಣಿಸಿದೆವು, ಮತ್ತೆ 45. ಆರು ವರ್ಷದ ಒಬ್ಬ ಹುಡುಗ ಇರಲಿಲ್ಲ. ಅವನ ತಾಯಿ ತಮ್ಮ ಗಂಡನ ಜೊತೆ ಇದ್ದಾನೆಂದುಕೊಂಡಿದ್ದರು, ಗಂಡ ಹೆಂಡತಿಯ ಜೊತೆ ಎಂದುಕೊಂಡಿದ್ದರು. ಮೊದಲೇ ಹಂಚಿಕೊಂಡಂತೆ ಇಬ್ಬರು ಗೇಟಿಗೆ, ಇಬ್ಬರು ಚೇಂಬರಿನ ಕಡೆಗೆ, ಇಬ್ಬರು ಅರಳಿಮರದ ಕಡೆಗೆ ಹೋದರು. ಉಳಿದವರು ಮಕ್ಕಳನ್ನು ಕೂರಿಸಿಕೊಂಡು ಕದಲದೆ ನಿಂತರು. ನನ್ನ ಕೈಯಲ್ಲಿ 112 ಒತ್ತಿದ ಫೋನಿತ್ತು, ಕರೆಯ ಗುಂಡಿಯನ್ನಷ್ಟೇ ಒತ್ತಿರಲಿಲ್ಲ. ಏಳು ನಿಮಿಷಗಳ ನಂತರ ಹುಡುಗ ಅಜ್ಜನ ಕಿರುಬೆರಳು ಹಿಡಿದು, ಬಾಯಿಗೆ ಖಾರಿ ಬಿಸ್ಕತ್ತಿನ ಪುಡಿ ಮೆತ್ತಿಕೊಂಡು ಗೇಟಿನೊಳಗೆ ಬಂದ. “ಯಾಕವಾ, ನನ್ನ ಕೂಡನ ಇದ್ದನಲ್ಲ? ಚಾ ಕುಡ್ಯಾಕ ಹೋಗಿದ್ವಿ” ಎಂದರು ಅಜ್ಜ. ಗೇಟಿನಲ್ಲಿದ್ದವರು ಅವರನ್ನು ಕಂಡಿದ್ದರು. ಮಗು ಒಂಟಿಯಾಗಿ ಹೋದರೆ ತಡೆಯಬೇಕೆಂದು ನಾನು ಹೇಳಿದ್ದೆನೇ ಹೊರತು, ತನ್ನ ಮನೆಯವರ ಜೊತೆ ಹೋದರೆ ಬರೆದಿಡಬೇಕೆಂದು ಹೇಳಿರಲಿಲ್ಲ. ಯಾರ ಜೊತೆ ಹೋದರೂ ಹೊರಗೆ ಹೋಗುವಾಗ ಹೆಸರು, ಸಮಯ, ಸಹಿ ಬೇಕು. ಅದಕ್ಕೆ ಗೇಟಿನಲ್ಲಿ ಒಂದು ನೋಟ್‌ಬುಕ್ಕು ಮತ್ತು ದಾರ ಕಟ್ಟಿದ ಪೆನ್ನು ಸಾಕು. ಉಪ್ಪಿಟ್ಟು ಹಂಚುವಾಗಲೂ ನನ್ನ ಕೈ ನಡುಗುತ್ತಿತ್ತು.

ಖರ್ಚಿನ ವಿವರ ಹೀಗಿದೆ. ಮುಚ್ಚಳಿಕೆ, ನೋಟರಿ, ಝೆರಾಕ್ಸಿಗೆ 380 ರೂಪಾಯಿ; ಉದ್ಯಾನದ ಶುಲ್ಕ 1,000; ಕಾರ್ಡು, ಫಲಕ, ಲ್ಯಾಮಿನೇಷನ್ 1,150; ಹಗ್ಗ, ಸೀಟಿ, ರಿಬ್ಬನ್ನು 640; ಪ್ರಥಮ ಚಿಕಿತ್ಸೆಯ ಪೆಟ್ಟಿಗೆ 870; ಹತ್ತು ಕ್ಯಾನ್ ನೀರಿಗೆ 350; ನೂರಾ ಹತ್ತು ಜನರ ಉಪ್ಪಿಟ್ಟು, ಬಾಳೆಹಣ್ಣು, ಚಹಾಕ್ಕೆ 3,300; ಎಲ್ಲ ಮಕ್ಕಳಿಗೂ ಒಂದೇ ತರಹದ ನೋಟ್‌ಬುಕ್ಕು, ಬಣ್ಣದ ಪೆನ್ಸಿಲ್ಲಿಗೆ 1,900. ಒಟ್ಟು 9,590. ಮನೆಗೆ 300ರಂತೆ ಕೂಡಿದ್ದು 8,100. ಕಡಿಮೆ ಬಿದ್ದ 1,490ನ್ನು ನಾವು ಐವರು ಹಂಚಿಕೊಂಡೆವು. ಮನೆಗೆ 360 ಎಂದಿದ್ದರೆ ಸರಿಹೋಗುತ್ತಿತ್ತು. ‘ನಿಧಿ’ಯ ಪೋಸ್ಟರಿಗೆ ಹೋದ 600 ಈ ಲೆಕ್ಕದಲ್ಲಿಲ್ಲ; ಅದು ನನ್ನ ದುಡುಕಿಗೆ ನಾನೇ ತೆತ್ತ ದಂಡ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಂದ ಬಳಕೆಯಾದದ್ದು ಎರಡು ಪಟ್ಟಿ ಮತ್ತು ಒಂದು ಓಆರ್‌ಎಸ್ ಪೊಟ್ಟಣ, ಅದೂ ಒಬ್ಬ ಸ್ವಯಂಸೇವಕರಿಗೆ.

ಇದಲ್ಲದೆ ಉದ್ಯಾನಕ್ಕಾಗಿ 2,000 ರೂಪಾಯಿ ಠೇವಣಿ ಇಟ್ಟಿದ್ದೆ. ಅದನ್ನು ಮರಳಿ ಪಡೆಯಲು ಪಾವತಿಯ ಮೂಲಪ್ರತಿ, ಪಾಸ್‌ಬುಕ್ಕಿನ ಝೆರಾಕ್ಸ್, ಜಾಗ ಸ್ವಚ್ಛವಾಗಿದೆಯೆಂದು ಕಾವಲುಗಾರರು ಸಹಿ ಹಾಕಿದ ಚೀಟಿ ಬೇಕಾಯಿತು. ಇಪ್ಪತ್ತಾರು ದಿನ ಹಿಡಿಯಿತು. ಖಾತೆಗೆ ಬಂದದ್ದು 1,850. ಉಳಿದ 150ನ್ನು ಮುರಿದ ನಲ್ಲಿಯ ಲೆಕ್ಕಕ್ಕೆ ಹಿಡಿದಿದ್ದರು. ಆ ನಲ್ಲಿ ಆಗಸ್ಟಿನಿಂದಲೂ ಮುರಿದೇ ಇತ್ತು, ಆದರೆ ಅದನ್ನು ತೋರಿಸುವ ಒಂದು ಫೋಟೋ ಕೂಡ ನನ್ನ ಬಳಿ ಇರಲಿಲ್ಲ.